ಲಂಡನ್ನಿನಲ್ಲಿ ಅಜ್ಜಿಯ ಕುದುರೆ ಸವಾರಿ

ತಾತಂದಿರು ಮೊಮ್ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಸ್ವಲ್ಪ ಬಡಾಯಿ ಇದ್ದೇ ಇರುತ್ತದೆ. ನಾನೂ ಅಂಥದ್ದೊಂದು ಬಡಾಯಿ ಕೊಚ್ಚಿಕೊಂಡೆ. ಅದು ನನ್ನನ್ನು ಲಂಡನ್ ನಗರದ ಮಧ್ಯೆ ಇರುವ ಒಂದು ಕುದುರೆ ಲಾಯದ ಬಾಗಿಲ ತನಕ ಎಳೆದುಕೊಂಡು ಹೋಯಿತು. ಅಲ್ಲಿ ಏನಾಯಿತು ಎಂಬುದನ್ನು ಮಕ್ಕಳಿಗೂ, ನನ್ನ ವಯಸ್ಸಿನವರಿಗೂ ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾನು ಹೊಳೆನರಸೀಪುರದಲ್ಲಿ ಹುಟ್ಟಿ ಬೆಳೆದವನು. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾದೆ. ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಎಂದು ಜಿಲ್ಲೆಯೊಳಗೇ ವರ್ಗವಾಗುತ್ತಾ ಕೊನೆಗೆ ಹಾಸನದಲ್ಲಿ ನಿವೃತ್ತನಾದೆ. ಅರಕಲಗೂಡಿನಲ್ಲಿದ್ದಾಗ ಆ ತಾಲ್ಲೂಕಿನ ಹಳ್ಳಿಯೊಂದರ ಹುಡುಗಿಯ ಜೊತೆ ಮದುವೆಯಾಯಿತು. ಈಗ ನನಗೆ 73, ಅವಳಿಗೆ 68. ಮದುವೆಯಾಗಿ 46 ವರ್ಷ.

ನಮ್ಮ ಒಬ್ಬಳೇ ಮಗಳು ಗಂಡನೊಂದಿಗೆ ಲಂಡನ್ನಿನ ಹ್ಯಾರೋ ಎಂಬ ಕಡೆ ಇದ್ದಾಳೆ. ಕಳೆದ ಜೂನ್‌ನಲ್ಲಿ ಅವಳ ಮನೆಗೆ ಹೋಗಿದ್ದೆವು. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿ ಬಂದು ‘ಅಮೆರಿಕದಲ್ಲಿ ಗೊರೂರು’ ಬರೆದರು. ಅದಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಾನು ಬರೆದದ್ದು ಒಂದು ಪಾಕೆಟ್ ಡೈರಿ. ಅದರಲ್ಲಿ ಮುಕ್ಕಾಲು ಪಾಲು ಖರ್ಚಿನ ಲೆಕ್ಕ. ಉಳಿದ ಕಾಲು ಪಾಲಿನಲ್ಲಿ ಈ ಒಂದು ದಿನವೇ ನಾಲ್ಕು ಪುಟ ತುಂಬಿದೆ.

ನನ್ನ ಮೊಮ್ಮಗಳಿಗೆ ಒಂಬತ್ತು ವರ್ಷ. ಒಂದು ರಾತ್ರಿ ಅವಳು ಕುದುರೆಗಳ ಚಿತ್ರದ ಪುಸ್ತಕ ನೋಡುತ್ತಿದ್ದಳು. ನಾನು ಸುಮ್ಮನಿರಲಾರದೆ, “ಪುಟ್ಟೀ, ನಾನು ನಿನ್ನಷ್ಟಿದ್ದಾಗ ಹೊಳೆನರಸೀಪುರದಲ್ಲಿ ಕುದುರೆ ಓಡಿಸ್ತಿದ್ದೆ. ಎಂಥಾ ಓಟ ಅಂತೀಯ! ನಾಗಾಲೋಟ!” ಎಂದೆ. ಅವಳ ಕಣ್ಣು ಅರಳಿತು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದ ನನ್ನ ಹೆಂಡತಿ ಒಮ್ಮೆ ತಿರುಗಿ ನೋಡಿದಳು, ಏನೂ ಅನ್ನಲಿಲ್ಲ.

ನಿಜ ಏನೆಂದರೆ, ನಾನು ಓಡಿಸಿದ್ದು ಜಟಕಾ. ಆಗ ಹೊಳೆನರಸೀಪುರದ ರೈಲ್ವೆ ಸ್ಟೇಷನ್ ಮುಂದೆ ಜಟಕಾಗಳು ನಿಲ್ಲುತ್ತಿದ್ದವು. ಮಕ್ಕಳೇ, ಜಟಕಾ ಅಂದರೆ ಒಂದೇ ಕುದುರೆ ಎಳೆಯುವ, ಎರಡು ಚಕ್ರದ, ಮೇಲೆ ಕಮಾನಿನಂಥ ಮುಚ್ಚಿಗೆ ಇರುವ ಬಾಡಿಗೆ ಗಾಡಿ. ಒಳಗೆ ಹುಲ್ಲು ಹಾಸಿ ಅದರ ಮೇಲೆ ಗೋಣಿತಾಟು ಹಾಕಿರುತ್ತಿದ್ದರು. ಗಾಡಿ ಮುಂದಕ್ಕೆ ವಾಲಿದರೆ ಸಾಬರು “ಹಿಂದಕ್ಕೆ ಸರೀರಿ” ಅನ್ನುತ್ತಿದ್ದರು, ಹಿಂದಕ್ಕೆ ವಾಲಿದರೆ “ಮುಂದಕ್ಕೆ ಬನ್ನಿ” ಅನ್ನುತ್ತಿದ್ದರು. ನಮ್ಮ ಮನೆ ಹತ್ತಿರದ ಜಟಕಾ ಸಾಬರು ಕೆಲವೊಮ್ಮೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲಗಾಮು ಕೈಗೆ ಕೊಡುತ್ತಿದ್ದರು. ನಾನು ಎಳೆದರೂ ಬಿಟ್ಟರೂ ಕುದುರೆ ತನ್ನ ಪಾಡಿಗೆ ತಾನು ಪೇಟೆಗೆ ಹೋಗುತ್ತಿತ್ತು. ಅದಕ್ಕೆ ದಾರಿ ಗೊತ್ತಿತ್ತು. ಕುದುರೆಯ ಬೆನ್ನ ಮೇಲೆ ಮಾತ್ರ ನಾನು ಒಂದು ದಿನವೂ ಕೂತವನಲ್ಲ. ಅದರ ಹಿಂಗಾಲು ಕಂಡರೇ ನನಗೆ ಭಯ.

ಮೊಮ್ಮಗಳು ನನ್ನ ಮಾತನ್ನು ಪೂರ್ತಿ ನಂಬಿದಳು. ಮರುದಿನ ಅವಳಮ್ಮನಿಗೆ ಹೇಳಿದಳು. ನಮ್ಮ ಮಗಳು ಹೈಡ್ ಪಾರ್ಕ್ ಹತ್ತಿರದ ಒಂದು ಸವಾರಿ ಶಾಲೆಯಲ್ಲಿ ನಮ್ಮಿಬ್ಬರ ಹೆಸರಲ್ಲೂ ಒಂದು ಗಂಟೆಯ ಸವಾರಿ ಕಾದಿರಿಸಿಬಿಟ್ಟಳು. “ಅಪ್ಪ, ನಿಮ್ಮ ಮದುವೆ ದಿನದ ಉಡುಗೊರೆ. ತೂಕ ಎಷ್ಟು ಅಂತ ಕೇಳ್ತಿದ್ದಾರೆ” ಎಂದಳು. ನಾನು ಗತ್ತಿನಿಂದ “74 ಕೆಜಿ” ಎಂದೆ. ಅದು ನಿವೃತ್ತನಾದ ವರ್ಷದ ತೂಕ. ದುಡ್ಡೆಷ್ಟು ಎಂದು ಕೇಳಿದರೆ ಮಗಳು ಹೇಳಲಿಲ್ಲ. ಇವಳನ್ನು ಸುಮ್ಮನೆ ಜೊತೆಗೆ ಸೇರಿಸಿದ್ದಾಳೆ, ಇವಳು ಚೀಲ ಹಿಡಿದು ಬೆಂಚಿನ ಮೇಲೆ ಕೂರುತ್ತಾಳೆ ಎಂದುಕೊಂಡೆ.

ಗೊತ್ತಾದ ದಿನ ಬಂತು. ಮಗಳಿಗೂ ಅಳಿಯನಿಗೂ ಆಫೀಸು, ಮೊಮ್ಮಗಳಿಗೆ ಸ್ಕೂಲು. ನಾವಿಬ್ಬರೇ ಹೊರಡಬೇಕು. “ಬೆಳಿಗ್ಗೆ ಊರು ನೋಡಿ, ಎರಡೂವರೆಗೆ ಲಾಯದ ಹತ್ತಿರ ಇರಿ” ಎಂದು ಮಗಳು ಒಂದು ಕಾಗದದಲ್ಲಿ ಸ್ಟೇಷನ್ನುಗಳ ಹೆಸರನ್ನು ಕನ್ನಡದಲ್ಲೇ ಬರೆದುಕೊಟ್ಟಳು. ಹೊರಡುವಾಗ ನನ್ನ ಹೆಂಡತಿ ಸೀರೆ ಬಿಟ್ಟು ಮಗಳ ಟ್ರ್ಯಾಕ್ ಪ್ಯಾಂಟು, ಮೇಲೊಂದು ಉದ್ದನೆಯ ಕುರ್ತಾ, ಸ್ವೆಟರ್, ಕಾಲಿಗೆ ಶೂ ಹಾಕಿಕೊಂಡಿದ್ದಳು. “ಏನೇ ಇದು ವೇಷ?” ಎಂದರೆ “ಚಳಿ” ಎಂದಳು. ಜೂನ್ ತಿಂಗಳಲ್ಲೂ ಅಲ್ಲಿ ನಮಗೆ ಚಳಿಯೇ. ನಂಬಿದೆ.

ಲಂಡನ್ನಿನ ನೆಲದಡಿಯ ರೈಲು 1863ರಲ್ಲಿ ಶುರುವಾದದ್ದು. ಜಗತ್ತಿನಲ್ಲೇ ಮೊದಲನೆಯದು. ಹ್ಯಾರೋಗೆ ಬರುವ ಮೆಟ್ರೋಪಾಲಿಟನ್ ಲೈನ್ ಆ ಮೊದಲ ರೈಲಿನ ವಂಶದ್ದೇ. ವೆಂಬ್ಲಿ ಪಾರ್ಕ್‌ನಲ್ಲಿ ಇಳಿದು ಜುಬಿಲಿ ಲೈನ್ ಹಿಡಿಯಬೇಕಿತ್ತು. ಎದುರಿಗೆ ಬಂದ ರೈಲಿಗೆ ನಾನು ಧೈರ್ಯವಾಗಿ ಹತ್ತಿದೆ, ಅವಳನ್ನೂ ಹತ್ತಿಸಿದೆ. ಮುಂದಿನ ಸ್ಟೇಷನ್ ಬಂತು. ಅವಳು ಕಾಗದ ನೋಡಿ, ಗೋಡೆ ನೋಡಿ, “ರೀ, ಕಿಂಗ್ಸ್‌ಬರಿ ಅಂತ ಇದೆ. ಇದರಲ್ಲಿ ಆ ಹೆಸರೇ ಇಲ್ಲ” ಎಂದಳು. “ಬರೆಯೋಕೆ ಬಿಟ್ಟಿರಬೇಕು, ಸುಮ್ಮನಿರು” ಎಂದೆ. ಅದರ ಮುಂದಿನ ಸ್ಟೇಷನ್ನಿನ ಹೆಸರೂ ಕಾಗದದಲ್ಲಿರಲಿಲ್ಲ. ನಾವು ಊರಿನೊಳಕ್ಕೆ ಹೋಗುವ ಬದಲು ಊರಿನಾಚೆಗೆ ಹೋಗುತ್ತಿದ್ದೆವು! ಇಳಿದು, ಎದುರು ರೈಲು ಹಿಡಿದು ವೆಸ್ಟ್‌ಮಿನ್‌ಸ್ಟರ್ ಸೇರುವಾಗ ಅರ್ಧ ಗಂಟೆ ಹಾಳಾಗಿತ್ತು. ಅವಳು ಏನೂ ಅನ್ನಲಿಲ್ಲ. ಆದರೆ ಅಲ್ಲಿಂದ ಮುಂದೆ ಕಾಗದ ಅವಳ ಕೈಯಲ್ಲೇ ಉಳಿಯಿತು.

ಮೆಟ್ಟಿಲು ಹತ್ತಿ ಮೇಲೆ ಬಂದರೆ ಎದುರಿಗೇ ಬಿಗ್ ಬೆನ್ ಗಡಿಯಾರದ ಗೋಪುರ. ಅಲ್ಲಿಂದ ವೈಟ್‌ಹಾಲ್ ಎಂಬ ಬೀದಿಯಲ್ಲಿ ಸ್ವಲ್ಪ ನಡೆದರೆ ಹಾರ್ಸ್ ಗಾರ್ಡ್ಸ್. ಅಲ್ಲಿ ರಾಜನ ಕುದುರೆ ಪಡೆಯ ಇಬ್ಬರು ಯೋಧರು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಕುದುರೆಯ ಮೇಲೆ ಕೂತು ಕಾವಲಿರುತ್ತಾರೆ. ಗಂಟೆಗೊಮ್ಮೆ ಆಳೂ ಕುದುರೆಯೂ ಬದಲಾಗುತ್ತಾರೆ. ಕೆಂಪು ಕೋಟಿನವರ ಶಿರಸ್ತ್ರಾಣದ ಮೇಲೆ ಬಿಳಿ ಕುಚ್ಚು, ನೀಲಿ ಕೋಟಿನವರದ್ದಕ್ಕೆ ಕೆಂಪು ಕುಚ್ಚು. ಯೋಧ ಕಣ್ಣು ಕೂಡ ಮಿಟುಕಿಸುವುದಿಲ್ಲವೇನೋ ಅನ್ನಿಸುತ್ತದೆ. ಕುದುರೆ ಮಾತ್ರ ಆಗಾಗ ತಲೆ ಒದರಿ ನಮ್ಮನ್ನೆಲ್ಲ ನೋಡುತ್ತದೆ. ಹನ್ನೊಂದಕ್ಕೆ ಹೊಸ ಕಾವಲಿನವರು ಹೈಡ್ ಪಾರ್ಕಿನ ಬಳಿಯ ತಮ್ಮ ಠಾಣ್ಯದಿಂದ ಸಾಲಾಗಿ ಸವಾರಿ ಮಾಡಿಕೊಂಡು ಬಂದರು. ಲಾಳದ ಸದ್ದು ಕಲ್ಲಿನ ಮೇಲೆ ಟಕಟಕ ಎಂದಾಗ ನನಗೆ ಹೊಳೆನರಸೀಪುರದ ಸ್ಟೇಷನ್ ರಸ್ತೆಯೇ ನೆನಪಾಯಿತು.

ಇಲ್ಲಿ ಇನ್ನೊಂದು ತಮಾಷೆಯ ಪದ್ಧತಿ ಇದೆ. 1894ರಲ್ಲಿ ಒಂದು ದಿನ ವಿಕ್ಟೋರಿಯಾ ರಾಣಿ ಸಂಜೆ ನಾಲ್ಕಕ್ಕೆ ಈ ಕಡೆ ಬಂದಾಗ ಕಾವಲುಗಾರರು ಕುಡಿಯುತ್ತಾ ಜೂಜಾಡುತ್ತಾ ಇದ್ದರಂತೆ. ರಾಣಿಗೆ ಸಿಟ್ಟು ಬಂದು, ಇನ್ನು ನೂರು ವರ್ಷ ದಿನಾ ನಾಲ್ಕು ಗಂಟೆಗೆ ಇವರ ತಪಾಸಣೆ ಆಗಲಿ ಎಂದಳಂತೆ. ನೂರು ವರ್ಷ 1994ಕ್ಕೇ ಮುಗಿಯಿತು. ತಪಾಸಣೆ ಈಗಲೂ ನಡೆಯುತ್ತಿದೆ. ನಮ್ಮ ಬ್ಯಾಂಕಿನಲ್ಲಿ ಇನ್‌ಸ್ಪೆಕ್ಷನ್‌ಗೆ ಬರುವವರು ಕೂಡ ಇಷ್ಟು ಹಟಮಾರಿಗಳಾಗಿರಲಿಲ್ಲ.

ಕುದುರೆ ಒದೆಯಬಹುದು, ಕಚ್ಚಬಹುದು ಎಂಬ ಬೋರ್ಡು ಅಲ್ಲಿತ್ತು. ಅದನ್ನು ಓದಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ತಿರುಗಿ ನೋಡಿದರೆ ನನ್ನ ಹೆಂಡತಿ ಎರಡು ಹೆಜ್ಜೆ ಮುಂದಿದ್ದಳು.

ಅಲ್ಲಿಂದ ವಾಪಸು ಥೇಮ್ಸ್ ನದಿಯ ಸೇತುವೆಗೆ ಬಂದೆವು. ಸೇತುವೆಯ ತುದಿಯಲ್ಲಿ ದೊಡ್ಡದೊಂದು ಕಂಚಿನ ಪ್ರತಿಮೆ: ರಥದಲ್ಲಿ ನಿಂತ ಒಬ್ಬ ರಾಣಿ, ಜೊತೆಗೆ ಇಬ್ಬರು ಹೆಣ್ಣುಮಕ್ಕಳು, ಮುಂದೆ ಮುಂಗಾಲೆತ್ತಿದ ಎರಡು ಕುದುರೆಗಳು. ಅವಳ ಹೆಸರು ಬೌಡಿಕ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಬ್ರಿಟನ್ನನ್ನು ಆಳುತ್ತಿದ್ದ ರೋಮನರ ವಿರುದ್ಧ ದಂಗೆಯೆದ್ದವಳು. ಪ್ರತಿಮೆಯನ್ನು 1902ರಲ್ಲಿ ಇಲ್ಲಿ ನಿಲ್ಲಿಸಿದರು. “ನೋಡ್ರೀ, ನಮ್ಮ ಕಿತ್ತೂರು ಚೆನ್ನಮ್ಮನ ಥರ” ಎಂದಳು ನನ್ನ ಹೆಂಡತಿ. ಹೌದು, 1824ರಲ್ಲಿ ಇದೇ ಬ್ರಿಟಿಷರ ಕಂಪನಿ ಸೈನ್ಯವನ್ನು ಎದುರಿಸಿದ ಚೆನ್ನಮ್ಮನ ಪ್ರತಿಮೆಗಳನ್ನು ನಾವು ನೋಡಿರುವುದೂ ಕುದುರೆಯ ಮೇಲೆಯೇ. ಜಟಕಾ ಓಡಿಸಿದ ಅನುಭವಸ್ಥನಾದ ನಾನು, “ಲಗಾಮನ್ನ ಯಾರೂ ಹಿಡಿದಿಲ್ಲ ನೋಡು. ಕುದುರೆ ಬೆದರಿದರೆ ಗತಿಯೇನು?” ಎಂದೆ. “ಅವಳಿಗೆ ಬೇಕಾಗಿಲ್ಲ ಬಿಡಿ” ಎಂದಳು. ಆ ಪ್ರತಿಮೆಯ ಮುಂದೆ ಅವಳು ಬಹಳ ಹೊತ್ತು ನಿಂತಿದ್ದಳು. ನನಗೆ ಕಾಲು ನೋಯುತ್ತಿತ್ತು, ಅವಸರ ಮಾಡಿದೆ.

ಸೇತುವೆ ದಾಟಿ ನದಿಯ ದಂಡೆಯಲ್ಲಿ ಬಲಕ್ಕೆ ನಡೆಯುತ್ತಾ ಹೋದೆವು. ಆಚೆ ದಡದಲ್ಲಿ ಪಾರ್ಲಿಮೆಂಟ್ ಕಟ್ಟಡ ಉದ್ದಕ್ಕೆ ಮಲಗಿದಂತೆ ಕಾಣುತ್ತದೆ. ಲ್ಯಾಂಬೆತ್ ಸೇತುವೆಯನ್ನೂ ದಾಟಿ ಮುಂದೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಬಂದರೆ ಅಲ್ಲಿದ್ದಾರೆ ನಮ್ಮ ಬಸವಣ್ಣನವರು! 2015ರ ನವೆಂಬರ್ 14ರಂದು, ಅಂದರೆ ನಮ್ಮ ಮಕ್ಕಳ ದಿನಾಚರಣೆಯ ದಿನ, ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಪ್ರತಿಮೆ. ಅಷ್ಟು ದೂರದ ಊರಿನಲ್ಲಿ, ಹೆಸರು ಕೂಡ ಬಾಯಿಗೆ ಬರದ ಬೀದಿಗಳ ನಡುವೆ, ನಮ್ಮ ನೆಲದವರೊಬ್ಬರು ನಿಂತಿರುವುದು ಕಂಡಾಗ ಗಂಟಲು ಕಟ್ಟಿತು. ಬಸವಣ್ಣನವರು 12ನೆಯ ಶತಮಾನದಲ್ಲಿ ಕಲ್ಯಾಣದ ಬಿಜ್ಜಳ ರಾಜನ ಭಂಡಾರಿಗಳಾಗಿದ್ದವರು, ಅಂದರೆ ಖಜಾನೆ ನೋಡಿಕೊಳ್ಳುತ್ತಿದ್ದವರು. ಲೆಕ್ಕಪತ್ರದವರಲ್ಲಿ ಇಷ್ಟು ದೊಡ್ಡವರೂ ಆಗಿ ಹೋಗಿದ್ದಾರೆ ಎಂದು ನನ್ನಂಥ ಗುಮಾಸ್ತನಿಗೆ ಒಂದು ಹೆಮ್ಮೆ. “ಅವರ ಮಂಟಪದಲ್ಲಿ ಹೆಂಗಸರಿಗೂ ಸರಿಸಮ ಜಾಗ ಇತ್ತು, ಅಕ್ಕಮಹಾದೇವಿ ಬಂದು ಮಾತಾಡಿದ್ದು ಅಲ್ಲೇ. ಅದನ್ನೂ ಡೈರಿಲಿ ಬರೀರಿ” ಎಂದಳು ಇವಳು. ಬರೆದೆ. ಅಲ್ಲೇ ಬೆಂಚಿನ ಮೇಲೆ ಕೂತು ಚಪಾತಿ, ಹುರುಳಿಕಾಯಿ ಪಲ್ಯ, ಹಾಸನದಿಂದ ತಂದಿದ್ದ ಕೋಡುಬಳೆ ತಿಂದೆವು.

ಮಧ್ಯಾಹ್ನ ಸೇತುವೆ ದಾಟಿ, ಎರಡು ಬಸ್ಸು ಬದಲಿಸಿ ಹೈಡ್ ಪಾರ್ಕ್ ಕಡೆಗೆ ಹೋದೆವು. ಎರಡಂತಸ್ತಿನ ಬಸ್ಸಿನ ಮೇಲ್ಮಹಡಿಯಿಂದ ಹೈಡ್ ಪಾರ್ಕ್ ಕಾರ್ನರ್‌ನಲ್ಲಿ ಒಂದು ವಿಚಿತ್ರ ಕಂಡಿತು. ಅಲ್ಲಿ ರಸ್ತೆ ದಾಟಲು ಮನುಷ್ಯರಿಗೊಂದು, ಕುದುರೆಗಳಿಗೊಂದು ಬೇರೆ ಬೇರೆ ಸಿಗ್ನಲ್. ಕುದುರೆಯ ಸಿಗ್ನಲ್ಲಿನಲ್ಲಿ ಹಸಿರು ದೀಪದೊಳಗೆ ಕುದುರೆಯ ಚಿತ್ರ. ಸವಾರ ಕೆಳಗಿಳಿಯದೆ ಒತ್ತಲಿ ಎಂದು ಗುಂಡಿಯನ್ನು ಎತ್ತರದಲ್ಲಿ ಇಟ್ಟಿದ್ದಾರೆ!

ಪಾರ್ಕ್ ಲೇನ್ ಎಂಬ ರಸ್ತೆಯಲ್ಲಿ ಇಳಿದೆವು. ಪಾರ್ಕಿನ ಅಂಚಿನಲ್ಲೇ ಪ್ರಾಣಿಗಳಿಗಾಗಿ ಕಟ್ಟಿದ ಒಂದು ಯುದ್ಧ ಸ್ಮಾರಕವಿದೆ. 2004ರಲ್ಲಿ ಆದದ್ದು. ಬೆನ್ನ ತುಂಬ ಹೊರೆ ಹೊತ್ತ ಎರಡು ಕಂಚಿನ ಹೇಸರಗತ್ತೆಗಳು ಬಾಗಿದ ಕಲ್ಲುಗೋಡೆಯ ನಡುವಿನ ಕಿಂಡಿಯತ್ತ ನಡೆಯುತ್ತಿವೆ. ಗೋಡೆಯ ಆಚೆ ಹುಲ್ಲಿನ ಮೇಲೆ ಒಂದು ಕುದುರೆ, ಒಂದು ನಾಯಿ. ಯುದ್ಧಕ್ಕೆ ಹೋಗು ಎಂದರೆ ಬೇಡ ಅನ್ನಲು ಬಾಯಿಲ್ಲದ ಜೀವಗಳ ನೆನಪು ಅದು. ನನಗೆ ಮೈಸೂರು ಲ್ಯಾನ್ಸರ್ಸ್ ನೆನಪಾದರು. ಮೊದಲ ಮಹಾಯುದ್ಧದಲ್ಲಿ 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಜೋಧಪುರದ ಮತ್ತು ನಮ್ಮ ಮೈಸೂರಿನ ಕುದುರೆ ಸವಾರರು ಭರ್ಜಿ ಹಿಡಿದು ನುಗ್ಗಿ ಗೆದ್ದರು. ಎದುರಿಗಿದ್ದವರ ಬಳಿ ಮೆಷಿನ್ ಗನ್ನುಗಳಿದ್ದವು! ಆಗ ನಮ್ಮ ಹಾಸನವೂ ಮೈಸೂರು ಸಂಸ್ಥಾನದ್ದೇ ಒಂದು ಜಿಲ್ಲೆ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ಲ್ಯಾನ್ಸರ್ಸ್ ಸ್ಮಾರಕವಿದೆ, ಮಕ್ಕಳು ಹೋದಾಗ ನೋಡಿ. ನಾನು ಇದನ್ನೆಲ್ಲ ಹೇಳುತ್ತಿದ್ದರೆ ನನ್ನ ಹೆಂಡತಿ ಆ ಕಂಚಿನ ಹೇಸರಗತ್ತೆಯ ಕುತ್ತಿಗೆ ಸವರುತ್ತಾ ನಿಂತಿದ್ದಳು.

ಪಾರ್ಕಿನೊಳಗೆ ನಡೆದು ಉತ್ತರದ ಕಡೆ ಹೊರಬಿದ್ದು, ಒಂದು ಕಿರಿದಾದ ಗಲ್ಲಿಗೆ ಬಂದೆವು. ಹಿಂದೆ ಸಿರಿವಂತರ ಮನೆಗಳ ಹಿತ್ತಿಲಲ್ಲಿ ಕುದುರೆ ಕಟ್ಟುತ್ತಿದ್ದ ಇಂಥ ಗಲ್ಲಿಗಳು ಲಂಡನ್ನಿನಲ್ಲಿ ಬಹಳ. ಈಗ ಹೆಚ್ಚಿನವು ಮನೆಗಳಾಗಿವೆ. ಇಲ್ಲಿ ಮಾತ್ರ ಇನ್ನೂ ಲಾಯವಿತ್ತು. ಹುಲ್ಲು, ಲದ್ದಿ, ತೊಗಲು ಮೂರೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ನನ್ನ ಎದೆ ಹೊಡೆದುಕೊಳ್ಳತೊಡಗಿತು.

ಫಾರಂ ತುಂಬಿದೆವು. ವಯಸ್ಸು, ಕಾಯಿಲೆ, ಮಂಡಿನೋವು ಎಲ್ಲ ಕೇಳಿದ್ದರು. ಆಮೇಲೆ ಸವಾರಿ ಕಲಿಸುವ ಹುಡುಗಿ ನಗುತ್ತಾ ತೂಕದ ಯಂತ್ರ ತೋರಿಸಿದಳು. ನಾನು ಹತ್ತಿದೆ. 84 ಕೆಜಿ! ಅಲ್ಲಿಯವರು ಮನುಷ್ಯರ ತೂಕವನ್ನು ‘ಸ್ಟೋನ್’ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಸ್ಟೋನ್ ಅಂದರೆ 14 ಪೌಂಡು, ಅಂದರೆ ಸುಮಾರು 6.35 ಕೆಜಿ. ಆ ಲಾಯದ ಮಿತಿ 12 ಸ್ಟೋನ್, ಸುಮಾರು 76 ಕೆಜಿ. ನಾನು 13 ದಾಟಿದ್ದೆ. ಕುದುರೆಯ ಬೆನ್ನಿಗೆ ನೋವಾಗುತ್ತದೆ, ಕ್ಷಮಿಸಿ ಎಂದಳು ಹುಡುಗಿ.

ಮುಖದಲ್ಲಿ ಬೇಸರ ತಂದುಕೊಂಡೆ. ಒಳಗೆ ಮಾತ್ರ ನಮ್ಮೂರ ಲಕ್ಷ್ಮೀನರಸಿಂಹ ಸ್ವಾಮಿಗೆ ಕೈ ಮುಗಿದೆ. ಹೇಳಿಕೊಳ್ಳಲು ಒಳ್ಳೆಯ ಕಾರಣ ಸಿಕ್ಕಿತಲ್ಲ! “ಸರಿ, ನಡಿ. ದುಡ್ಡು ಹೋದರೆ ಹೋಯಿತು” ಎಂದು ಚೀಲ ಎತ್ತಿಕೊಂಡೆ.

“ನಾನು ಕೂರ್ತೀನಿ” ಎಂದಳು ನನ್ನ ಹೆಂಡತಿ.

ಚೀಲ ಕೆಳಗಿಟ್ಟೆ. “ನೀನಾ?”

“ನನ್ನ ಹೆಸರೂ ಬರೆಸಿದ್ದಾಳಲ್ಲ. ನಾನೇ ಹೇಳಿ ಬರೆಸಿದ್ದು.”

ಟ್ರ್ಯಾಕ್ ಪ್ಯಾಂಟು ಚಳಿಗೆ ಹಾಕಿದ್ದಲ್ಲ ಎಂದು ಆಗ ಹೊಳೆಯಿತು. ಬೀಳುತ್ತೀಯ, ಮೂಳೆ ಮುರಿಯುತ್ತದೆ, ಪರದೇಶದಲ್ಲಿ ಆಸ್ಪತ್ರೆಗೆ ಅಲೆಯಬೇಕಾಗುತ್ತದೆ ಎಂದೆಲ್ಲ ಬಡಬಡಿಸಿದೆ. ಅವಳು ತೂಕದ ಯಂತ್ರ ಹತ್ತಿದಳು. 52 ಕೆಜಿ. ಹುಡುಗಿ ಹೆಬ್ಬೆರಳೆತ್ತಿ ತೋರಿಸಿ ತಲೆಗೆ ಹೆಲ್ಮೆಟ್ ಕಟ್ಟಿದಳು.

ಕೆಂಚು ಬಣ್ಣದ ಒಂದು ಸಾಧು ಕುದುರೆಯನ್ನು ತಂದು ನಿಲ್ಲಿಸಿದರು. ಕುದುರೆಯ ಎತ್ತರವನ್ನು ಅವರು ‘ಹ್ಯಾಂಡ್’ ಅಂದರೆ ಅಂಗೈ ಅಗಲದ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಹ್ಯಾಂಡ್ ನಾಲ್ಕು ಅಂಗುಲ. ಇದು 14 ಹ್ಯಾಂಡ್. ಮಕ್ಕಳೇ, ಲೆಕ್ಕ ಮಾಡಿ: 56 ಅಂಗುಲ, ಅಂದರೆ ನಾಲ್ಕು ಅಡಿ ಎಂಟು ಅಂಗುಲ. ಅದೂ ತಲೆಯವರೆಗಲ್ಲ, ಹೆಗಲಿನವರೆಗೆ ಮಾತ್ರ. ಹತ್ತುವುದು ಎಡಗಡೆಯಿಂದ. ಹಿಂದಿನ ಕಾಲದ ಯೋಧರು ಎಡಸೊಂಟಕ್ಕೆ ಕತ್ತಿ ಕಟ್ಟುತ್ತಿದ್ದರು, ಬಲಗಡೆಯಿಂದ ಹತ್ತಿದರೆ ಕತ್ತಿ ಅಡ್ಡ ಬರುತ್ತಿತ್ತು ಎಂದು ಹೇಳುತ್ತಾರೆ.

ಹುಡುಗಿ ಒಂದು ಮೆಟ್ಟಿಲಿನಂಥ ಮಣೆ ಇಟ್ಟಳು. ನನ್ನ ಹೆಂಡತಿ ಮೊದಲು ಕುದುರೆಯ ಮುಂದೆ ಹೋಗಿ ನಿಂತು ಅಂಗೈ ಚಾಚಿ ಅದಕ್ಕೆ ಮೂಸಲು ಕೊಟ್ಟಳು. ಹಣೆ ಸವರಿದಳು. ಏನೋ ಮೆಲ್ಲಗೆ ಹೇಳಿದಳು. ಆಮೇಲೆ ಎಡಗಾಲನ್ನು ರಿಕಾಪಿಗೆ ಕೊಟ್ಟು, ಜೀನು ಹಿಡಿದು, ಒಂದು ಸಲ ಉಸಿರು ಬಿಗಿಹಿಡಿದು ಮೇಲೆ ಕೂತೇಬಿಟ್ಟಳು. ಮೊದಲ ಪ್ರಯತ್ನದಲ್ಲಿ ಅಲ್ಲ, ಎರಡನೆಯದರಲ್ಲಿ. ಹುಡುಗಿ ಇನ್ನೊಂದು ಕುದುರೆ ಹತ್ತಿ, ಇವಳ ಕುದುರೆಗೆ ಕಟ್ಟಿದ ಹಗ್ಗವನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. “ಬೆನ್ನು ನೆಟ್ಟಗೆ, ಹಿಮ್ಮಡಿ ಕೆಳಗೆ, ನೋಟ ಮುಂದೆ” ಇಷ್ಟೇ ಪಾಠ. ಹೊರಟರು.

ಹೈಡ್ ಪಾರ್ಕ್ ಸುಮಾರು 350 ಎಕರೆ. ಎಂಟನೆಯ ಹೆನ್ರಿ ರಾಜ 1536ರಲ್ಲಿ ಬೇಟೆಗಾಗಿ ತೆಗೆದುಕೊಂಡ ಕಾಡು ಅದು. 1637ರಲ್ಲಿ ಜನರಿಗೆ ತೆರೆದುಕೊಟ್ಟರು. ಅದರ ದಕ್ಷಿಣಕ್ಕೆ ರಾಟನ್ ರೋ ಎಂಬ ಮರಳು ಹಾಸಿದ ಕುದುರೆ ದಾರಿ ಇದೆ. 17ನೆಯ ಶತಮಾನದ ಕೊನೆಯಲ್ಲಿ ರಾಜ ಮೂರನೆಯ ವಿಲಿಯಂ ಅರಮನೆಗೆ ಹೋಗಿಬರಲು ಮಾಡಿಸಿದ ದಾರಿ. ಕಳ್ಳರ ಕಾಟಕ್ಕೆ 300 ಎಣ್ಣೆದೀಪ ಹಾಕಿಸಿದನಂತೆ. ಆ ದೇಶದಲ್ಲಿ ರಾತ್ರಿ ದೀಪ ಕಂಡ ಮೊದಲ ರಸ್ತೆ ಅದು. ‘ರಾಜನ ದಾರಿ’ ಎಂಬ ಅರ್ಥದ ಫ್ರೆಂಚ್ ಮಾತು ಜನರ ಬಾಯಲ್ಲಿ ಸವೆದು ಸವೆದು ‘ರಾಟನ್ ರೋ’ ಆಯಿತು ಎನ್ನುತ್ತಾರೆ.

ಅಂಥ ರಾಜದಾರಿಯಲ್ಲಿ ಅರಕಲಗೂಡು ತಾಲ್ಲೂಕಿನ ನನ್ನ ಹೆಂಡತಿ ಕುದುರೆಯ ಮೇಲೆ ಬರುತ್ತಿದ್ದಳು. ನಾನು ಚೀಲ ಹಿಡಿದು ಪಾರ್ಕನ್ನು ಅಡ್ಡ ಹಾಯ್ದು, ಬೇಲಿಯ ಈಚೆ ಒಂದು ಬೆಂಚಿನ ಮೇಲೆ ಕಾದಿದ್ದೆ. ದೂರದಿಂದ ಮೊದಲು ಹೆಲ್ಮೆಟ್ ಕಂಡಿತು, ಆಮೇಲೆ ಅದರ ಕೆಳಗೆ ಕುಂಕುಮ. ಬೆನ್ನು ಸೆಟೆದುಕೊಂಡಿತ್ತು. ಎರಡೂ ಕೈ ಲಗಾಮಿನ ಮೇಲೆ. ಎದ್ದು ಕೈ ಬೀಸಿದೆ. ಅವಳು ಕೈ ಬೀಸಲಿಲ್ಲ. ಬಿಟ್ಟರೆ ಬೀಳುತ್ತೇನೆಂಬ ಭಯ ಇತ್ತಂತೆ. ಆದರೆ ಅವಳ ಮುಖ ನೋಡಿದೆ. ಮಗಳು ಹುಟ್ಟಿದ ದಿನ ನೋಡಿದ್ದೆ ಆ ಮುಖವನ್ನು. ಹತ್ತಿರ ಬಂದಾಗ ಅವಳು ಕುದುರೆಗೆ ಹೇಳುತ್ತಿದ್ದ ಮಾತು ಕೇಳಿಸಿತು: “ನಡಿ ಕೆಂಚ, ನಡಿ ನನ್ನಪ್ಪ.”

ಸವಾರಿ ಮುಗಿದ ಮೇಲೆ ಇಳಿಸುವಾಗ ಅವಳ ಕಾಲು ನೆಲಕ್ಕೆ ನಿಲ್ಲಲಿಲ್ಲ. ತೊಡೆ ನಡುಗುತ್ತಿತ್ತು. ಭುಜ ಹಿಡಿದು ಗಲ್ಲಿಯ ಕಟ್ಟೆಯ ಮೇಲೆ ಕೂರಿಸಿ ಫ್ಲಾಸ್ಕಿನ ಕಾಫಿ ಕೊಟ್ಟೆ. “ಕೆಂಚ ಯಾರೇ?” ಎಂದು ಕೇಳಿದೆ.

ಅವಳ ತಾತ ಹಳ್ಳಿಯ ಶಾನುಭೋಗರು. ಅವರಿಗೊಂದು ಕೆಂಚು ಬಣ್ಣದ ತಟ್ಟು ಇತ್ತು. ಲೆಕ್ಕದ ಕಡತಗಳ ಗಂಟು ಕಟ್ಟಿಕೊಂಡು ಅದರ ಮೇಲೆ ಅರಕಲಗೂಡಿನ ತಾಲ್ಲೂಕು ಕಚೇರಿಗೆ ಹೋಗಿ ಬರುತ್ತಿದ್ದರು. ಸಂಜೆ ವಾಪಸು ಬಂದಾಗ ಮನೆಯ ಗಂಡುಹುಡುಗರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಬಾವಿಯ ತನಕ ಒಂದು ಸುತ್ತು ಕರೆದೊಯ್ಯುತ್ತಿದ್ದರು. ಆರೇಳು ವರ್ಷದ ಇವಳೂ ಸಾಲಿನಲ್ಲಿ ನಿಂತರೆ, “ಹೆಣ್ಣುಮಕ್ಕಳು ಕುದುರೆ ಹತ್ತಬಾರದು, ನೀನು ಹೋಗಿ ಹುರುಳಿ ತಾ” ಎನ್ನುತ್ತಿದ್ದರು. ಹುರುಳಿ ನೆನೆಹಾಕುವುದು, ಬೋಗುಣಿಯಲ್ಲಿ ತಂದು ಕೆಂಚನ ಮುಂದಿಡುವುದು ಇವಳ ಕೆಲಸ. ಕೆಂಚ ಇವಳ ಅಂಗೈಯಿಂದಲೇ ತಿನ್ನುತ್ತಿದ್ದ. ಶಾನುಭೋಗಿಕೆ ಹೋದ ಮೇಲೆ ತಾತ ಕೆಂಚನನ್ನು ಮಾರಿಬಿಟ್ಟರು. ಇವಳು ಹುಲ್ಲಿನ ಮೆದೆಯ ಹಿಂದೆ ಕೂತು ಅತ್ತಳು. ಒಂದು ದಿನವಾದರೂ ಕುದುರೆ ಹತ್ತುತ್ತೇನೆ ಎಂದು ಆವತ್ತು ಅಂದುಕೊಂಡದ್ದಂತೆ.

“46 ವರ್ಷದಲ್ಲಿ ಒಂದು ದಿನಾನೂ ನನಗೆ ಹೇಳಲಿಲ್ಲವಲ್ಲೇ?”

“ಹೇಳಿದ್ರೆ ನಕ್ಕುಬಿಡ್ತಿದ್ರಿ” ಎಂದಳು.

ಯೋಚಿಸಿದೆ. ಹೌದು, ನಗುತ್ತಿದ್ದೆ. ನಾಲ್ಕು ಜನರ ಮುಂದೆ ಹೇಳಿಯೂ ನಗುತ್ತಿದ್ದೆ. ಮೂವತ್ತೇಳು ವರ್ಷ ಊರವರ ಖಾತೆಗಳನ್ನೆಲ್ಲ ಪೈಸೆ ಬಿಡದೆ ತಾಳೆ ನೋಡಿದವನು ನಾನು. ನನ್ನ ಮನೆಯಲ್ಲೇ ಅರವತ್ತು ವರ್ಷದ ಒಂದು ಬಾಕಿ ಉಳಿದಿದ್ದು ನನಗೆ ಗೊತ್ತಿರಲಿಲ್ಲ.

ರಾತ್ರಿ ಒಂಬತ್ತಕ್ಕೂ ಅಲ್ಲಿ ಬೆಳಕಿತ್ತು. ಮೊಮ್ಮಗಳು ಕಾದು ಕೂತಿದ್ದಳು. “ತಾತ, ನಾಗಾಲೋಟ ಮಾಡಿದ್ರಾ?” ತೂಕದ ನೆಪ ನಾಲಿಗೆಯ ತುದಿಗೆ ಬಂದಿತ್ತು. ಮೂಲೆಯಲ್ಲಿ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದವಳನ್ನು ನೋಡಿದೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಪುಟ್ಟೀ, ನಾನು ನಿನಗೆ ಸುಳ್ಳು ಹೇಳಿದ್ದೆ. ನಾನು ಕೂತಿದ್ದು ಜಟಕಾದಲ್ಲಿ. ಕುದುರೆ ಅಂದ್ರೆ ನಂಗೆ ಹೆದರಿಕೆ. ಇವತ್ತು ಕುದುರೆ ಹತ್ತಿದ್ದು ನಿಮ್ಮಜ್ಜಿ” ಎಂದೆ. ಮಗು ನನ್ನ ಮೇಲೆ ಸಿಟ್ಟಾಗಲಿಲ್ಲ. ಅವಳಿಗೆ ಅದಕ್ಕೆ ಪುರಸೊತ್ತಿರಲಿಲ್ಲ. ಆಗಲೇ ಅಜ್ಜಿಯ ಪಕ್ಕಕ್ಕೆ ಓಡಿ ಹೋಗಿದ್ದಳು. ಆ ರಾತ್ರಿ ಕಥೆ ಹೇಳಿದ್ದು ಅಜ್ಜಿ. ಕೆಂಚನ ಕಥೆ.

ಹಾಸನಕ್ಕೆ ಬಂದ ಮೇಲೆ ಒಂದು ದಿನ ಇಬ್ಬರೂ ಹಳೇಬೀಡಿಗೆ ಹೋದೆವು. ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿ, ಅದರ ಮೇಲೆ ಕುದುರೆ ಸವಾರರ ಸಾಲು. ಎಷ್ಟು ಸಲ ನೆಂಟರನ್ನು ಕರೆದುಕೊಂಡು ಹೋಗಿ ತೋರಿಸಿದ್ದೇನೋ. ಈ ಸಲ ಅವಳು ಪ್ರತಿಯೊಬ್ಬ ಸವಾರನ ಮುಂದೆಯೂ ನಿಂತು ಅವನು ಕೂತ ಭಂಗಿ ನೋಡುತ್ತಾ ಹೋದಳು, ಇನ್‌ಸ್ಪೆಕ್ಷನ್ನಿಗೆ ಬಂದವರ ಹಾಗೆ.

ಬಸ್ಸಿನಲ್ಲಿ ವಾಪಸು ಬರುವಾಗ ಕೇಳಿದೆ: “ಇನ್ನೇನಾದರೂ ಬಾಕಿ ಇದೆಯೇನೇ?”

ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದಳು. “ಚನ್ನರಾಯಪಟ್ಟಣದಲ್ಲಿ ಒಂಬತ್ತು ವರ್ಷ ಇದ್ವಿ. ಪಕ್ಕದಲ್ಲೇ ಶ್ರವಣಬೆಳಗೊಳ. ನೀವು ಆಫೀಸಿನವರ ಜೊತೆ ಎಷ್ಟು ಸಲ ಬೆಟ್ಟ ಹತ್ತಿದ್ರಿ. ನಾನು ಊಟದ ಬುತ್ತಿ ಕಟ್ಟಿಕೊಟ್ಟೆ. ಗೊಮ್ಮಟನ್ನ ನಾನು ದೂರದಿಂದ ನೋಡಿದ್ದೇ ಹೊರತು ಹತ್ತಿರದಿಂದ ನೋಡಿಲ್ಲ.”

ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಚಪ್ಪಲಿ ಕೆಳಗೇ ಬಿಡಬೇಕು. ಬಿಸಿಲೇರುವ ಮೊದಲು ಹತ್ತಬೇಕು. ವಯಸ್ಸಾದವರಿಗೆ ಡೋಲಿ ಸಿಗುತ್ತದೆ. “ನಿನಗೊಂದು ಡೋಲಿ ಹೇಳೋಣ” ಎಂದೆ.

“ನಿಮಗೆ ಬೇಕಾದರೆ ಹೇಳಿ. ಆದರೆ ಮೊದಲೇ ತೂಕ ಸರಿಯಾಗಿ ಹೇಳಿಬಿಡಿ” ಎಂದಳು.

ಬರುವ ಭಾನುವಾರ ಹೋಗುತ್ತಿದ್ದೇವೆ. ಡೋಲಿ ಇಬ್ಬರಿಗೂ ಬೇಡ ಎಂದು ತೀರ್ಮಾನವಾಗಿದೆ. ಮಕ್ಕಳೇ, ನಿಮ್ಮ ತಾತನ ಕಥೆ ಕೇಳಿ, ಬೇಡ ಅನ್ನುವುದಿಲ್ಲ. ಕೇಳಿ ಮುಗಿದ ಮೇಲೆ ಹಾಗೇ ಅಡುಗೆಮನೆಗೂ ಒಂದು ಸಲ ಹೋಗಿ, ಅಜ್ಜಿಯ ಹತ್ತಿರ ಕೂತುಕೊಳ್ಳಿ. ಅಲ್ಲೂ ಒಂದು ಕುದುರೆ ಇರಬಹುದು.